ಸಿಎಸ್:ಗೋ ಬಿಟ್ಟವರು ಈಗ ಸಿಎಸ್ 2ಗೆ ವಾಪಸ್ ಬರಬಹುದಾ? ಹೊಸ ಅಪ್‌ಡೇಟ್‌ಗಳು ನಿಜಕ್ಕೂ ಚೆನ್ನಾಗಿವೆಯಾ?

ಬನ್ನಿ. ಯೋಚನೆ ಮಾಡಬೇಡಿ, ಬನ್ನಿ.

ನೀವು ಬರೆದಿರುವುದು ಇಷ್ಟು: ಕೆಲಸ ಸಿಕ್ಕ ಮೇಲೆ 2021ರ ಸುಮಾರಿಗೆ ಕೌಂಟರ್-ಸ್ಟ್ರೈಕ್ ಗ್ಲೋಬಲ್ ಅಫೆನ್ಸಿವ್ (ಎರಡು ಟೀಮ್‌ಗಳ ಆನ್‌ಲೈನ್ ಶೂಟಿಂಗ್ ಗೇಮ್, ಚಿಕ್ಕದಾಗಿ ಗೋ) ಬಿಟ್ಟಿರಿ, ಅದರ ಮುಂದಿನ ಆವೃತ್ತಿ ಸಿಎಸ್ 2 ಬಂದಾಗ ಎಲ್ಲರೂ ಬೈಯುತ್ತಿದ್ದರು ಅಂತ ಆ ಕಡೆ ತಲೆ ಹಾಕಲಿಲ್ಲ, ಈಗ ಅಪ್‌ಡೇಟ್ ಮೇಲೆ ಅಪ್‌ಡೇಟ್ ಬಂದು ಸರಿಹೋಗಿದೆ ಅಂತ ಗೆಳೆಯರು ಕರೆಯುತ್ತಿದ್ದಾರೆ. ನಾನು ಹಾಸ್ಟೆಲ್ ಲ್ಯಾನ್‌ನಲ್ಲಿ ಇದೇ ಗೇಮ್‌ನ ಹಳೆ ಆವೃತ್ತಿ 1.6 ಆಡಿ ಬೆಳೆದವನು. ಸಿಎಸ್ 2 ಬಂದ ಹೊಸದರಲ್ಲಿ ಸ್ವಲ್ಪ ದಿನ ಆಡಿ ಬಿಟ್ಟಿದ್ದೆ, 2025ರಲ್ಲಿ ಅನಿಮೇಷನ್ ಅಪ್‌ಡೇಟ್ ಬಂದ ಮೇಲೆ ವಾಪಸ್ ಬಂದೆ. ಹಾಗಾಗಿ ನಿಮ್ಮ ಅನುಮಾನ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

2023ರ ಸೆಪ್ಟೆಂಬರ್ 27ಕ್ಕೆ ಗೇಮ್ ಬಂದಾಗ ಜನ ಬೈದಿದ್ದು ಸುಮ್ನೆ ಅಲ್ಲ. ಗೋ ಇದ್ದ ಜಾಗದಲ್ಲೇ ಸಿಎಸ್ 2 ಬಂದು ಕೂತಿತು. ಆರ್ಮ್ಸ್ ರೇಸ್ ಮೋಡ್ ಇರಲಿಲ್ಲ, ಡೇಂಜರ್ ಝೋನ್ ಮೋಡ್ ಇರಲಿಲ್ಲ, ಎಡಗೈಯಲ್ಲಿ ಗನ್ ಹಿಡಿಯುವ ಆಯ್ಕೆ ಕೂಡ ಇರಲಿಲ್ಲ. ಮ್ಯಾಕ್‌ನಲ್ಲಿ ಆಡುತ್ತಿದ್ದವರ ಕತೆಯಂತೂ ಅಲ್ಲಿಗೇ ಮುಗಿಯಿತು. ಆಮೇಲೆ ಒಂದೊಂದಾಗಿ ವಾಪಸ್ ಬಂದವು: 2024ರ ಫೆಬ್ರವರಿಯಲ್ಲಿ ಆರ್ಮ್ಸ್ ರೇಸ್, ಏಪ್ರಿಲ್‌ನಲ್ಲಿ ಎಡಗೈ, ನವೆಂಬರ್‌ನಲ್ಲಿ ಹೊಸದಾಗಿ ಕಟ್ಟಿದ ಟ್ರೇನ್ ಮ್ಯಾಪ್, 2025ರ ಅಕ್ಟೋಬರ್‌ನಲ್ಲಿ ರಿಟೇಕ್ಸ್ ಮೋಡ್. ಡೇಂಜರ್ ಝೋನ್‌ಗೋಸ್ಕರ ಬರುವುದಾದರೆ ಮಾತ್ರ ಬರಬೇಡಿ.

ಆದರೆ ಈ ಪಟ್ಟಿ ನೋಡಿ ವಾಪಸ್ ಬನ್ನಿ ಅಂತ ನಾನು ಹೇಳುವುದಿಲ್ಲ. ಹೋದದ್ದು ಬಂತು, ಅಷ್ಟೇ. ನಾನು ಹೇಳುವುದು ಸ್ಮೋಕ್, ಅಂದ್ರೆ ಹೊಗೆ ಗ್ರೆನೇಡ್ ಬಗ್ಗೆ.

ಗೋದಲ್ಲಿ ಸ್ಮೋಕ್ ಅಂದ್ರೆ ಒಂದು ಗೋಡೆ. ಎಸೆದರೆ ಅಲ್ಲಿ ಹದಿನೆಂಟು ಸೆಕೆಂಡ್ ಗೋಡೆ ನಿಂತಿರುತ್ತಿತ್ತು, ಅದರ ಆಚೆ ಏನಿದೆ ಅಂತ ಯಾರಿಗೂ ಕಾಣುತ್ತಿರಲಿಲ್ಲ, ನೀವು ಸುಮ್ನೆ ಕಾಯಬೇಕು ಅಥವಾ ಕುರುಡಾಗಿ ನಾಲ್ಕು ಗುಂಡು ಹೊಡೆದು ನೋಡಬೇಕು. ಸಿಎಸ್ 2ರಲ್ಲಿ ಹೊಗೆ ನಿಜವಾಗಿ ಜಾಗ ತುಂಬಿಕೊಳ್ಳುತ್ತದೆ. ಕಿರಿದಾದ ಓಣಿಯಲ್ಲಿ ಬಿದ್ದರೆ ಓಣಿಯುದ್ದಕ್ಕೂ ಹರಿಯುತ್ತದೆ, ಬಾಗಿಲಲ್ಲಿ ಬಿದ್ದರೆ ಎರಡೂ ಕಡೆ ನುಗ್ಗುತ್ತದೆ. ಹತ್ತು ಜನರಿಗೂ ಅದೇ ಆಕಾರದಲ್ಲಿ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಎಚ್‌ಇ (ಸ್ಫೋಟದ) ಗ್ರೆನೇಡ್ ಅದರೊಳಗೆ ಸಿಡಿದರೆ ಹೊಗೆ ಚದುರಿ ಸ್ವಲ್ಪ ಹೊತ್ತು ತೂತು ಬೀಳುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಗುಂಡು ಹೊಡೆದರೂ ಸಣ್ಣ ಸಣ್ಣ ಸಂದಿ ಆಗಿ ಮುಚ್ಚುತ್ತದೆ.

ಮಿರಾಜ್ ಮ್ಯಾಪ್ ನೆನಪಿದೆ ಅಲ್ವಾ? ಟಿ (ದಾಳಿ ಮಾಡುವ) ಕಡೆಯವರು ಮ್ಯಾಪ್‌ನ ನಡುಭಾಗವಾದ ಮಿಡ್ ಹಿಡಿಯಬೇಕು ಅಂದ್ರೆ ಮೊದಲು ಅದರತ್ತ ಮುಖ ಮಾಡಿದ ವಿಂಡೋಗೆ ಸ್ಮೋಕ್ ಹಾಕುತ್ತಿದ್ದರು. ಅಲ್ಲಿ ಎಡಬ್ಲ್ಯೂಪಿ ಸ್ನೈಪರ್ ಗನ್ ಹಿಡಿದು ನಿಂತವನಿಗೆ ಆ ರೌಂಡಲ್ಲಿ ಮಿಡ್‌ನಲ್ಲಿ ಕೆಲಸವೇ ಇರುತ್ತಿರಲಿಲ್ಲ. ಜಾಗ ಬಿಟ್ಟು ಬೇರೆ ಕಡೆ ಹೋಗುತ್ತಿದ್ದ. ಈಗ ಅವನು ಹೋಗುವುದಿಲ್ಲ. ಸ್ಮೋಕ್ ಅರಳುವವರೆಗೆ ಸುಮ್ಮನಿರುತ್ತಾನೆ, ನಿಮ್ಮವರು ಹೆಜ್ಜೆ ಹಾಕುತ್ತಾ ಮಿಡ್‌ಗೆ ಇಳಿಯುವ ಸದ್ದು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಪಕ್ಕದ ಕನೆಕ್ಟರ್ ದಾರಿಯಲ್ಲಿರುವ ಗೆಳೆಯನಿಗೆ ಹೇಳಿ ಒಂದು ಎಚ್‌ಇ ಹಾಕಿಸುತ್ತಾನೆ. ಹೊಗೆ ಬಾಯಿ ಬಿಡುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಮಿಡ್ ಪೂರ್ತಿ ಬಯಲು. ಅಷ್ಟರಲ್ಲಿ ಒಬ್ಬ ಸತ್ತಿರುತ್ತಾನೆ, ಹೊಗೆ ಮತ್ತೆ ಮುಚ್ಚಿರುತ್ತದೆ, ಎಲ್ಲಿಂದ ಹೊಡೆದ ಅಂತ ನಿಮ್ಮ ಟೀಮ್ ಕೂಗಾಡುತ್ತಿರುತ್ತದೆ.

ಇದನ್ನು ಮೊದಲ ಸಲ ಅನುಭವಿಸಿದಾಗ ಹಳೆ ಆಟಗಾರರಿಗೆ ಕೋಪ ಬರುತ್ತದೆ. ಎರಡು ವಾರ ಬಿಟ್ಟು ನೋಡಿ, ನೀವೇ ಅದನ್ನು ಮಾಡುತ್ತಿರುತ್ತೀರಿ. 300 ಡಾಲರ್‌ನ ಎಚ್‌ಇ ಗ್ರೆನೇಡನ್ನು ನಾನು ಮುಂಚೆ ದುಡ್ಡು ಉಳಿದರೆ ಮಾತ್ರ ತೆಗೆದುಕೊಳ್ಳುತ್ತಿದ್ದೆ, ಈಗ ಸ್ಮೋಕ್ ಜೊತೆ ಅದೂ ಇರಲೇಬೇಕು. ಇಪ್ಪತ್ತು ವರ್ಷದಿಂದ ಅದೇ ಮ್ಯಾಪ್, ಅದೇ ಗನ್ ಇರುವ ಆಟದಲ್ಲಿ ಯೋಚಿಸುವ ರೀತಿಯನ್ನೇ ಬದಲಾಯಿಸುವ ಒಂದು ವಿಷಯ ಸಿಕ್ಕಿದೆ ಅಂದ್ರೆ ಅದು ಸಣ್ಣ ಮಾತಲ್ಲ. ನನ್ನನ್ನು ಕೇಳಿದರೆ 1.6 ಆದಮೇಲೆ ಈ ಗೇಮಿಗೆ ಆಗಿರುವ ಅತಿ ದೊಡ್ಡ ಒಳ್ಳೆಯದು ಇದೇ.

ಇನ್ನು ಆಡುವಾಗ ಕೈಗೆ ಸಿಗುವ ಅನುಭವ. ಗೋದ ಮ್ಯಾಚ್‌ಮೇಕಿಂಗ್ ಸರ್ವರ್ ಸೆಕೆಂಡಿಗೆ 64 ಸಲ ಲೆಕ್ಕ ಹಾಕುತ್ತಿತ್ತು. ಸಿಎಸ್ 2ರಲ್ಲಿ ಸಬ್-ಟಿಕ್ ಅಂತ ತಂದರು, ಅಂದ್ರೆ ಎರಡು ಲೆಕ್ಕಗಳ ನಡುವೆ ನೀವು ಯಾವ ಕ್ಷಣದಲ್ಲಿ ಟ್ರಿಗರ್ ಒತ್ತಿದಿರಿ ಅನ್ನುವುದನ್ನೂ ಸರ್ವರ್ ಗುರುತು ಹಾಕಿಕೊಳ್ಳುತ್ತದೆ. ಕಾಗದದ ಮೇಲೆ ಚೆಂದ. ಆದರೆ ಶುರುವಿನಲ್ಲಿ ಗೋಡೆ ಹಿಂದೆ ಸೇರಿಕೊಂಡ ಮೇಲೂ ಸಾಯುತ್ತಿದ್ದೆವು, ಎದುರಾಳಿಯ ಮೈ ಒಂದು ಕಡೆ, ಗುಂಡು ಇನ್ನೊಂದು ಕಡೆ ಅನ್ನಿಸುತ್ತಿತ್ತು. ನಾನು ಬಿಟ್ಟಿದ್ದೇ ಅದಕ್ಕೆ. 2025ರ ಜುಲೈ ಕೊನೆಯಲ್ಲಿ ಅನಿಮೇಷನ್ ವ್ಯವಸ್ಥೆಯನ್ನೇ ಹೊಸದಾಗಿ ಮಾಡಿದರು, ಕೈಯಲ್ಲಿ ಗನ್ ಹಿಡಿದು ಲೋಡ್ ಮಾಡುವುದರಿಂದ ಹಿಡಿದು ಎದುರಿನವನು ಓಡಿ ನಿಲ್ಲುವವರೆಗೆ. ಅದಾದ ಮೇಲೆ ನನಗೆ ಎದುರಾಳಿಯ ಚಲನೆ ಓದುವುದು ಸುಲಭವಾಯಿತು. ಗೋಡೆ ಹಿಂದೆ ಸಾಯುವುದು ಪೂರ್ತಿ ನಿಂತಿಲ್ಲ, ಆದರೆ ಮುಂಚಿನಷ್ಟು ಹೊಟ್ಟೆ ಉರಿಯುವುದಿಲ್ಲ.

ನಿಮ್ಮ ಹಳೆ ವಿದ್ಯೆ ಬಹಳಷ್ಟು ಹಾಗೇ ಉಪಯೋಗಕ್ಕೆ ಬರುತ್ತದೆ. ಎಕೆ-47 ಸ್ಪ್ರೇ (ಒಂದೇ ಸಮನೆ ಹೊಡೆದಾಗ ಗುಂಡು ಹೋಗುವ ರೀತಿ) ಅದೇ, ಹೆಲ್ಮೆಟ್ ಇದ್ದರೂ ತಲೆಗೆ ಒಂದೇ ಗುಂಡು ಸಾಕು. ಡಸ್ಟ್ 2, ಮಿರಾಜ್ ಎರಡೂ ಹೆಚ್ಚುಕಡಿಮೆ ಅದೇ ಅಳತೆಯಲ್ಲಿವೆ, ಬೆಳಕು ಮಾತ್ರ ಜಾಸ್ತಿಯಾಗಿದೆ. ಇನ್ಫರ್ನೋ ಹೊಸದಾಗಿ ಕಟ್ಟಿದ್ದಾರೆ, ಅಲ್ಲಿ ಒಂದೆರಡು ದಿನ ಸುತ್ತಾಡಿ. ಮರೆಯಬೇಕಾದದ್ದು ಒಂದೇ: ಜಂಪ್-ಥ್ರೋ ಬೈಂಡ್, ಅಂದ್ರೆ ಜಿಗಿಯುವುದು, ಎಸೆಯುವುದು ಎರಡನ್ನೂ ಒಂದೇ ಕೀಗೆ ಕಟ್ಟುವುದು. 2024ರ ಆಗಸ್ಟ್‌ನಿಂದ ಒಂದು ಕೀಗೆ ಎರಡು ಕೆಲಸ ಕೊಡುವ ಬೈಂಡ್‌ಗಳು ಅಧಿಕೃತ ಸರ್ವರ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಅದು ಬೇಕಾಗಿಯೂ ಇಲ್ಲ. ಜಿಗಿದು ಕೈಯಿಂದಲೇ ಎಸೆದರೆ ಗ್ರೆನೇಡ್ ಪ್ರತಿ ಸಲ ಅಲ್ಲೇ ಬೀಳುತ್ತದೆ.

ಮ್ಯಾಚ್ ಕೂಡ ಚಿಕ್ಕದಾಗಿದೆ. ಮುಂಚೆ 16 ರೌಂಡ್ ಗೆಲ್ಲಬೇಕಿತ್ತು, ಈಗ 13. ಆಫೀಸ್ ಮುಗಿಸಿ ಬಂದು ಊಟಕ್ಕೆ ಮುಂಚೆ ಒಂದು ಮ್ಯಾಚ್ ಆಡುವವರಿಗೆ ಇದು ದೊಡ್ಡ ವರ. ಆದರೆ ಅರ್ಧಕ್ಕೆ 12 ರೌಂಡ್ ಮಾತ್ರ ಇರುವುದರಿಂದ ಪಿಸ್ತೂಲ್ ರೌಂಡ್ (ಪ್ರತಿ ಅರ್ಧದ ಮೊದಲ ರೌಂಡ್) ಸೋತರೆ ಏಟು ಜೋರಾಗಿಯೇ ಬೀಳುತ್ತದೆ. ಹಳೆ ಕಾಲದ ಹಾಗೆ ನಿಧಾನಕ್ಕೆ ದುಡ್ಡು ಕೂಡಿಸಿಕೊಂಡು ವಾಪಸ್ ಬರೋಣ ಅಂದ್ರೆ ಅಷ್ಟು ರೌಂಡ್ ಇರುವುದಿಲ್ಲ.

ಈಗ ಬೇಜಾರಿನ ವಿಷಯ. ಚೀಟರ್‌ಗಳು ಇದ್ದಾರೆ. ಪ್ರೀಮಿಯರ್ ಮೋಡ್‌ನಲ್ಲಿ ನಿಮ್ಮ ರೇಟಿಂಗ್ ಮೇಲೆ ಹೋದಷ್ಟೂ ಜಾಸ್ತಿ ಸಿಗುತ್ತಾರೆ. ಚೀಟರ್‌ಗಳನ್ನು ಹಿಡಿಯುವ ವ್ಯಾಕ್ ಲೈವ್ ಅಂತ ಒಂದು ವ್ಯವಸ್ಥೆ ಇದೆ, ಆಟದ ಮಧ್ಯೆಯೇ ಚೀಟರ್ ಸಿಕ್ಕಿಬಿದ್ದರೆ ಮ್ಯಾಚ್ ಅಲ್ಲೇ ರದ್ದಾಗುತ್ತದೆ. ಅದು ಆದಾಗ ಖುಷಿ, ಆಗದೇ ಇದ್ದಾಗ ಪ್ರಾಮಾಣಿಕವಾಗಿ ಆಡುವ ಒಂಬತ್ತು ಜನರ ಸಂಜೆ ಹಾಳು. ಇಷ್ಟು ದೊಡ್ಡ ಗೇಮ್‌ನಲ್ಲಿ ಇದು ಮೊದಲು ಸರಿಯಾಗಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಶುರುವಿಗೆ ಪ್ರೀಮಿಯರ್ ಕಡೆ ಹೋಗಬೇಡಿ. ಒಂದು ವಾರ ಡೆತ್‌ಮ್ಯಾಚ್ ಮತ್ತು ರಿಟೇಕ್ಸ್ ಆಡಿ. ರಿಟೇಕ್ಸ್‌ನಲ್ಲಿ ಬಾಂಬ್ ಆಗಲೇ ಇಟ್ಟಿರುತ್ತಾರೆ, ನೇರವಾಗಿ ಜಗಳದ ಮಧ್ಯಕ್ಕೇ ಇಳಿಯುತ್ತೀರಿ, ಸ್ಮೋಕ್ ಹೇಗೆ ವರ್ತಿಸುತ್ತದೆ ಅಂತ ಕಲಿಯಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಆಮೇಲೆ ಕಾಂಪಿಟಿಟಿವ್. ಅಲ್ಲಿ ಸಿಲ್ವರ್, ಗೋಲ್ಡ್ ನೋವಾ ಅನ್ನುವ ಹಳೆ ರ‍್ಯಾಂಕ್‌ಗಳೇ ಇವೆ, ಒಂದೊಂದು ಮ್ಯಾಪಿಗೆ ಬೇರೆ ಬೇರೆ.

ದುಡ್ಡಿನ ಬಗ್ಗೆ ಕೇಳಿದ್ದೀರಿ. ನಿಮ್ಮ ಹಳೆ ಸ್ಟೀಮ್ ಅಕೌಂಟ್‌ನಲ್ಲಿ ಪ್ರೈಮ್ (ಗೇಮ್‌ನ ವಿಶೇಷ ದರ್ಜೆ) ಇದ್ದರೆ ಅದು ಹಾಗೇ ಇರುತ್ತದೆ. 2018ರ ಡಿಸೆಂಬರ್‌ನಲ್ಲಿ ಗೋ ಉಚಿತ ಆಗುವ ಮುಂಚೆ ಕೊಂಡವರಿಗೆಲ್ಲ ಪ್ರೈಮ್ ಕೊಟ್ಟಿದ್ದರು. ಸ್ಕಿನ್‌ಗಳೂ (ಗನ್, ಚಾಕುಗಳ ಬಣ್ಣದ ಅಲಂಕಾರ) ಹಾಗೇ ಇರುತ್ತವೆ, ಹೊಸ ಬೆಳಕಿನಲ್ಲಿ ಇನ್ನೂ ಚೆನ್ನಾಗಿ ಕಾಣುತ್ತವೆ. ಹೊಸದಾಗಿ ಸ್ಕಿನ್ ಕೊಂಡು ಲಾಭ ಮಾಡೋಣ ಅನ್ನುವ ಆಸೆ ಮಾತ್ರ ಬೇಡವೇ ಬೇಡ. 2025ರ ಅಕ್ಟೋಬರ್ 22ಕ್ಕೆ ಬಂದ ಅಪ್‌ಡೇಟ್‌ನಲ್ಲಿ ಐದು ಕೆಂಪು ದರ್ಜೆಯ ಸ್ಕಿನ್ ಕೊಟ್ಟು ಚಾಕು ಅಥವಾ ಗ್ಲೌಸ್ ಪಡೆಯಬಹುದು ಅಂತ ಮಾಡಿದರು. ಚಾಕುಗಳ ಬೆಲೆ ರಾತ್ರೋರಾತ್ರಿ ಕುಸಿಯಿತು. ಚಾಕುವಿನಲ್ಲಿ ಉಳಿತಾಯ ಇಟ್ಟಿದ್ದವರು ತಲೆ ಮೇಲೆ ಕೈ ಹೊತ್ತು ಕೂತರು. ಒಂದು ಅಪ್‌ಡೇಟ್‌ಗೆ ಇಷ್ಟಾಗುತ್ತದೆ ಅಂದ್ರೆ ಅಲ್ಲಿ ದುಡ್ಡು ಇಡುವುದು ಯಾಕೆ? ಕೇಸ್ (ಒಳಗೆ ಯಾವ ಸ್ಕಿನ್ ಇದೆ ಅಂತ ಗೊತ್ತಿಲ್ಲದ ಪೆಟ್ಟಿಗೆ) ತೆರೆಯುವುದು ಜೂಜು, ಅದರ ತಂಟೆಗೆ ಹೋಗಬೇಡಿ.

ಹುಬ್ಬಳ್ಳಿಯಲ್ಲಿದ್ದೇನೆ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಹೇಗೆ ಅಂತಲೂ ಕೇಳಿದ್ದೀರಿ. ಮುಂಬೈ, ಚೆನ್ನೈ ಎರಡೂ ಕಡೆ ಸರ್ವರ್ ಇವೆ. ಸೆಟ್ಟಿಂಗ್ಸ್‌ನಲ್ಲಿ ಮ್ಯಾಚ್‌ಮೇಕಿಂಗ್‌ಗೆ ಗರಿಷ್ಠ ಪಿಂಗ್ ಎಷ್ಟಿರಬಹುದು ಅಂತ ಒಂದು ಆಯ್ಕೆ ಇದೆ, ಅದನ್ನು ಇಳಿಸಿ ಇಡಿ. ಇಲ್ಲದಿದ್ದರೆ ತಡರಾತ್ರಿ ಜನ ಕಡಿಮೆ ಇರುವಾಗ ದೂರದ ಸರ್ವರ್‌ಗೆ ಹಾಕಿಬಿಡುತ್ತದೆ. ವೈಫೈ ಬೇಡ, ಕೇಬಲ್ ಎಳೆಯಿರಿ.

ಡಿಸ್ಕ್‌ನಲ್ಲಿ 85 ಜಿಬಿ ಜಾಗ ಬೇಕು ಅಂತ ಸ್ಟೀಮ್‌ನಲ್ಲೇ ಬರೆದಿದ್ದಾರೆ. ರ‍್ಯಾಮ್ 8 ಜಿಬಿ ಅಂತಲೂ ಇದೆ, ಆದರೆ 16 ಇದ್ದರೆ ಆರಾಮ. ಗೋ ಓಡುತ್ತಿದ್ದ ಹಳೆ ಲ್ಯಾಪ್‌ಟಾಪ್‌ನಲ್ಲಿ ಇದು ಓಡದೇ ಇರಬಹುದು, ಅದರಲ್ಲೂ ಸ್ಮೋಕ್ ಬಿದ್ದಾಗ ಎಫ್‌ಪಿಎಸ್ (ಸೆಕೆಂಡಿಗೆ ಕಾಣುವ ಚಿತ್ರಗಳ ಸಂಖ್ಯೆ) ದಬಕ್ಕನೆ ಇಳಿಯುತ್ತದೆ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಕೆಳಗೆ ಬರೆಯಿರಿ, ಯಾವ ಸೆಟ್ಟಿಂಗ್ ಇಳಿಸಬೇಕು ಅಂತ ಹೇಳುತ್ತೇನೆ.