ಪಿಯುಸಿ ಮಗಳಿಗೆ 25 ಸಾವಿರದೊಳಗೆ ಲ್ಯಾಪ್‌ಟಾಪ್: ಹೊಸದಾ, ಹಳೇದಾ?

ಅಣ್ಣ, ನಮಸ್ಕಾರ. ಅಡಿಕೆ ಬೆಳೆಗಾರರ ಗುಂಪಿನಲ್ಲಿ ಲ್ಯಾಪ್‌ಟಾಪ್ ಪ್ರಶ್ನೆ ಹಾಕಿದ್ದಕ್ಕೆ ಬೇಜಾರು ಮಾಡ್ಕೋಬೇಡಿ ಅಂತ ಬರೆದಿದ್ದೀರಿ. ಬೇಜಾರು ಯಾಕೆ? ಇಲ್ಲಿ ಅರ್ಧ ಜನರ ಮನೆಯಲ್ಲಿ ಈಗ ಇದೇ ಮಾತು ನಡೀತಾ ಇದೆ.

ನೀವು ಹೇಳಿದ್ದು ಇಷ್ಟು: ಮಗಳು ಫಸ್ಟ್ ಪಿಯುಸಿ, ಕಂಪ್ಯೂಟರ್ ಸೈನ್ಸ್ ತಗೊಂಡಿದ್ದಾಳೆ. ಬಜೆಟ್ 25 ಸಾವಿರ. ಶಿವಮೊಗ್ಗದ ಒಂದು ಅಂಗಡಿಯಲ್ಲಿ 24 ಸಾವಿರಕ್ಕೆ ಹೊಸ ಲ್ಯಾಪ್‌ಟಾಪ್ ಇದೆ. ಸೆಲೆರಾನ್ ಎನ್4500 ಪ್ರೊಸೆಸರ್ (ಕಂಪ್ಯೂಟರಿನ ಮಿದುಳು), 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜ್. ಇಲ್ಲದಿದ್ದರೆ ಭಾವನ ಮನೆಯ ಹಳೇ ಕೋರ್ ಟೂ ಡ್ಯುಯೋ ಡೆಸ್ಕ್‌ಟಾಪ್, 5 ಸಾವಿರಕ್ಕೆ. ಮೇಲೆ ಒಬ್ಬರು ಟ್ಯಾಬ್ ಸಾಕು ಅಂದರು, ಇನ್ನೊಬ್ಬರು ಹಳೇದಾದರೂ ಪರವಾಗಿಲ್ಲ ಇಂಟೆಲ್ ಐ7 ಪ್ರೊಸೆಸರ್ ಇರೋದು ತಗೊಳ್ಳಿ ಅಂದರು.

ತೋಟದ ಕೆಲಸದ ಜೊತೆಗೆ ಊರಲ್ಲಿ ಕಂಪ್ಯೂಟರ್ ರಿಪೇರಿಯನ್ನೂ ಮಾಡುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಇವು ಯಾವುದೂ ಬೇಡ. ಕಂಪನಿಗಳ ಆಫೀಸಿನಲ್ಲಿ ಮೂರ್ನಾಲ್ಕು ವರ್ಷ ಬಳಸಿ ಹೊರಗೆ ಬಂದ ಲ್ಯಾಪ್‌ಟಾಪ್ ಸಿಗುತ್ತದೆ, ರಿಫರ್ಬಿಶ್ಡ್ ಅಂತಾರೆ. ಅದರಲ್ಲಿ 8ನೇ ಜನರೇಷನ್ (ತಲೆಮಾರು) ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ (ವೇಗದ ಸ್ಟೋರೇಜ್) ಇರುವುದನ್ನು ನೋಡಿ ತಗೊಳ್ಳಿ. ಹೊಸ ಮೊಪೆಡ್ಡಿನ ದುಡ್ಡಿಗೆ ಚೆನ್ನಾಗಿ ಇಟ್ಟುಕೊಂಡ ಹಳೇ ಜೀಪ್ ಸಿಗುವ ಹಾಗಿದ್ದರೆ ನಮ್ಮ ಘಟ್ಟದ ರಸ್ತೆಗೆ ಯಾವುದು ತಗೋತೀರಿ?

ಹೊಸದು ಯಾಕೆ ಬೇಡ ಅಂದರೆ, ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠವೇ 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಅಂದರೆ ನಿಮಗೆ ತೋರಿಸಿದ್ದು ಬಾಗಿಲು ದಾಟಿ ಒಳಗೆ ಬರುವಷ್ಟು ಮಾತ್ರ ಇದೆ. ವಿಂಡೋಸೇ ಅರ್ಧದಷ್ಟು ಜಾಗ ನುಂಗುತ್ತದೆ. ಆರೇಳು ತಿಂಗಳಲ್ಲಿ ಅಪ್‌ಡೇಟ್ ಹಾಕೋಕೂ ಜಾಗ ಇಲ್ಲ ಅಂತ ಕೆಂಪು ಗೆರೆ ಬರುತ್ತದೆ. ಆ 64 ಜಿಬಿ ಸಾಮಾನ್ಯವಾಗಿ ಇಎಂಎಂಸಿ ಅನ್ನೋ ಸ್ಟೋರೇಜ್ ಚಿಪ್ ಆಗಿರುತ್ತದೆ, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಕಿತ್ತು ದೊಡ್ಡದು ಹಾಕೋಕೆ ಆಗಲ್ಲ. ಈ ತರದ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಹತ್ತಿರ ಬರುವವರಿಗೆ ನಾನು ಮಾಡಿಕೊಡೋದು ಏನೂ ಇರಲ್ಲ. ಮಕ್ಕಳ ಮುಖ ನೋಡಿ ಬೇಜಾರಾಗುತ್ತದೆ ಅಷ್ಟೇ.

ಭಾವನ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹೋಗಲ್ಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಜೊತೆಗೆ ಕರೆಂಟ್ ಹೋದರೆ ಯುಪಿಎಸ್ ಬೇಕು. ಹಾಂ, ಅದರ ಮಾನಿಟರ್ ಚೆನ್ನಾಗಿದ್ದರೆ ಅದೊಂದನ್ನೇ ಕೊಡ್ತಾರಾ ಕೇಳಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿಕೊಂಡು ಓದೋಕೆ ಅನುಕೂಲ. ಟ್ಯಾಬ್ ವಿಡಿಯೋ ಪಾಠಕ್ಕೆ ಸರಿ, ಪ್ರೋಗ್ರಾಂ ಬರೆಯೋಕೆ ಕೀಬೋರ್ಡ್ ಬೇಕೇ ಬೇಕು.

ಐ7 ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯವರು ಜಾಸ್ತಿ ಯಾಮಾರಿಸೋದು ಇಲ್ಲೇ. ಐ5, ಐ7 ಅನ್ನೋದು ಬರೀ ದರ್ಜೆ. ಅದರ ಪಕ್ಕದ ನಂಬರ್ ನೋಡಬೇಕು. ಐ5-8250ಯು ಅಂತಿದ್ದರೆ ಮೊದಲ ಅಂಕಿ 8, ಅಂದರೆ 8ನೇ ಜನರೇಷನ್. ಐ7-4600ಯು ಅಂತಿದ್ದರೆ 4ನೇದು. ಆ ಐ7ನಲ್ಲಿ ಇರೋದು ಎರಡೇ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ), ಈ ಐ5ನಲ್ಲಿ ನಾಲ್ಕು. ಕೊನೆಗೆ ಯು ಇರುವ ಈ ಸಾಲಿನ ಐ5ಗಳಿಗೆ ನಾಲ್ಕು ಕೋರ್ ಬಂದಿದ್ದೇ 8ನೇ ಜನರೇಷನ್ನಿನಿಂದ. ವಿಂಡೋಸ್ 11 ಅಧಿಕೃತವಾಗಿ ನಡೆಯೋದೂ ಹೆಚ್ಚುಕಡಿಮೆ ಅಲ್ಲಿಂದಲೇ. ಹಾಗಾಗಿ 8ಕ್ಕಿಂತ ಕೆಳಗಿನದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ. ಹತ್ತನೇ ಜನರೇಷನ್ನಿನಿಂದ ಮುಂದೆ 10210ಯು, 1135ಜಿ7 ಅಂತ ಬರುತ್ತದೆ, ಅಲ್ಲಿ ಮೊದಲ ಎರಡು ಅಂಕಿ ನೋಡಿ. ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ರೈಜನ್ 5 3500ಯು ಅಥವಾ ಅದರ ಮೇಲಿನದು.

ಸ್ಟಿಕ್ಕರ್ ಮಾತ್ರ ನಂಬಬೇಡಿ, ಯಾವುದರದ್ದು ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋದರೆ ಪ್ರೊಸೆಸರ್ ಹೆಸರು ಪೂರ್ತಿ ಕಾಣುತ್ತದೆ.

ಮಾಡೆಲ್ ಕೇಳಿದರೆ ಮೂರು ಹೆಸರು ಹೇಳುತ್ತೇನೆ: ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5. ನನಗೆ ಟಿ480 ಇಷ್ಟ. ಅದರಲ್ಲಿ ಎರಡು ಬ್ಯಾಟರಿ, ಒಂದು ಒಳಗೆ, ಇನ್ನೊಂದು ಹಿಂದೆ. ಹಿಂದಿನದನ್ನು ಕೈಯಲ್ಲೇ ಕಳಚಿ ಬೇರೆ ಹಾಕಬಹುದು. ಒಳಗಿನದು ಸರಿ ಇದ್ದರೆ ಹಾಗೆ ಬದಲಿಸುವಾಗ ಆಫ್ ಕೂಡ ಆಗಲ್ಲ. ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. ಟಿ480ಎಸ್ ಅಂತ ಇನ್ನೊಂದಿದೆ, ತೆಳ್ಳಗೆ ಚಂದ ಕಾಣುತ್ತದೆ, ಆದರೆ ಈ ಸೌಕರ್ಯ ಅದರಲ್ಲಿಲ್ಲ. ಟಿ480, 5490 ಎರಡರಲ್ಲೂ 7ನೇ ಜನರೇಷನ್ನಿನವೂ ಇವೆ, ಅದಕ್ಕೇ ನಂಬರ್ ನೋಡಿ ಅಂದಿದ್ದು.

ಈಗ 4 ಜಿಬಿ ತಗೊಂಡು ಆಮೇಲೆ ಹಾಕಿಸೋಣ ಅನ್ನುವ ಯೋಚನೆ ಬೇಡ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. 8 ಜಿಬಿ ಇರುವುದನ್ನೇ ಕೇಳಿ.

ಅಂಗಡಿಗೆ ಮಗಳನ್ನು ಕರ್ಕೊಂಡು ಹೋಗಿ. ಶಿವಮೊಗ್ಗದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಾಲು ಸಾಲು ಅಂಗಡಿ ಇವೆ, ಅಲ್ಲಿ ಚೌಕಾಸಿ ಮಾಡಲೇಬೇಕು. ಒಂದು ಗಂಟೆಯಾದರೂ ಕೂತು ನೋಡಿ, ಅವಸರ ಮಾಡುವ ಅಂಗಡಿಯಿಂದ ಎದ್ದು ಬನ್ನಿ. ಅವಳು ನೋಟ್‌ಪ್ಯಾಡ್ ತೆಗೆದು ಒಂದೊಂದೇ ಕೀಲಿ ಒತ್ತಲಿ. ಸ್ಪೇಸ್ ಬಾರ್, ಎಂಟರ್ ಮೊದಲು ಹೋಗೋದು. ಪರದೆಯನ್ನು ಪೂರ್ತಿ ಬಿಳಿ ಮಾಡಿ ಚುಕ್ಕೆ, ಕಲೆ ಇದೆಯಾ ನೋಡಿ. ಹಿಂಜ್ ಸಡಿಲ ಇದೆಯಾ, ಮಡಚುವಾಗ ಕಿರ್ ಅನ್ನುತ್ತದಾ ನೋಡಿ. ವೈಫೈ, ಕ್ಯಾಮೆರಾ, ಎಲ್ಲ ಯುಎಸ್‌ಬಿ ಪೋರ್ಟ್, ಇಯರ್‌ಫೋನ್ ತೂತು, ಒಂದೂ ಬಿಡಬೇಡಿ.

ಬ್ಯಾಟರಿಗೆ ಒಂದು ಉಪಾಯ ಇದೆ. ಕಮಾಂಡ್ ಪ್ರಾಂಪ್ಟ್ ತೆಗೆಯಿರಿ. ಇಂಗ್ಲಿಷಿನಲ್ಲಿ ಪವರ್ ಅಂತ ಬರೆದು ಅದಕ್ಕೆ ಅಂಟಿಸಿ ಸಿ, ಎಫ್, ಜಿ ಹಾಕಿ. ಒಂದು ಸ್ಪೇಸ್, ಒಂದು ಮುಂದಕ್ಕೆ ಬಾಗಿದ ಸ್ಲ್ಯಾಶ್, ಆಮೇಲೆ ಬ್ಯಾಟರಿ ರಿಪೋರ್ಟ್ ಅಂತ ಎರಡೂ ಪದ ಸೇರಿಸಿ ಬರೆದು ಎಂಟರ್ ಒತ್ತಿ. ಒಂದು ಫೈಲ್ ಸಿದ್ಧವಾಗುತ್ತದೆ, ಎಲ್ಲಿದೆ ಅಂತ ಅದೇ ಹೇಳುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಇರುತ್ತವೆ. ಮೊದಲನೇದು 50,000 ಇದ್ದು ಎರಡನೇದು 40,000 ಇದ್ದರೆ ಬ್ಯಾಟರಿ ಶೇ. 80 ಉಳಿದಿದೆ, ಕಣ್ಣು ಮುಚ್ಚಿ ತಗೊಳ್ಳಿ. 30,000ಕ್ಕಿಂತ ಕೆಳಗಿದ್ದರೆ ಬೇರೆ ಬ್ಯಾಟರಿ ಹಾಕಿಕೊಡಿ, ಇಲ್ಲ ಆ ದುಡ್ಡು ಇಳಿಸಿ ಅನ್ನಿ. ಈ ಫೈಲ್ ತೆಗೆದು ತೋರಿಸಿದ ಕೂಡಲೇ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ, ನೋಡ್ತಾ ಇರಿ.

ಇನ್ನೊಂದು, ಇದನ್ನು ಬಹಳ ಜನ ನೋಡಲ್ಲ. ಕಂಪನಿ ಲ್ಯಾಪ್‌ಟಾಪ್‌ಗಳಿಗೆ ಬೀಗ ಹಾಕಿರುತ್ತಾರೆ. ಆನ್ ಮಾಡುತ್ತಿದ್ದ ಹಾಗೆ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಒತ್ತಿದರೆ ಬಯೋಸ್ (ವಿಂಡೋಸ್ ಶುರುವಾಗೋಕೂ ಮೊದಲಿನ ಸೆಟ್ಟಿಂಗ್ ಪುಟ) ತೆರೆಯುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳಿದರೆ ಬೇಡ. ಆಮೇಲೆ ನಿಮ್ಮೆದುರಿಗೇ ರೀಸೆಟ್ ಮಾಡಿಸಿ, ಮೊಬೈಲ್ ಹಾಟ್‌ಸ್ಪಾಟಿಗೆ ಸೇರಿಸಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಇಮೇಲ್, ಪಾಸ್‌ವರ್ಡ್ ಕೇಳಿತೋ, ಅದು ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ ಅಂತ ಅರ್ಥ. ಅದೂ ಬೇಡ. ರೀಸೆಟ್ ಆದಮೇಲೆ ಆ್ಯಕ್ಟಿವೇಷನ್ ಪುಟದಲ್ಲಿ ವಿಂಡೋಸ್ ಆ್ಯಕ್ಟಿವ್ ಅಂತ ಇದೆಯಾ ನೋಡಿ. ಈ ಮಾಡೆಲ್‌ಗಳು ಹೆಚ್ಚಿನವು ಅಸಲಿ ವಿಂಡೋಸ್ ಜೊತೆಗೇ ಬಂದಂಥವು, ಕ್ರ್ಯಾಕ್ ಹಾಕೋ ಅಗತ್ಯವೇ ಇಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ, ವಾರಂಟಿ ಎಷ್ಟು ತಿಂಗಳು ಅಂತಲೂ ಬರೆಸಿ. ಬಾಯಿಮಾತಿನ ವಾರಂಟಿ ಅಂಗಡಿ ಮೆಟ್ಟಿಲು ಇಳಿಯೋ ತನಕ.

ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ. ಪೈಥಾನ್ ಪುಕ್ಕಟೆ, ಸಿ++ ಕಂಪೈಲರೂ ಪುಕ್ಕಟೆ, ಪ್ರಾಜೆಕ್ಟ್ ರಿಪೋರ್ಟಿಗೆ ಲಿಬ್ರೆ ಆಫೀಸ್ ಇದೆ. ಕನ್ನಡ ಕೀಬೋರ್ಡ್ ವಿಂಡೋಸ್‌ನಲ್ಲೇ ಇದೆ, ನುಡಿ ತಂತ್ರಾಂಶವನ್ನೂ ಹಾಕಿಕೊಳ್ಳಬಹುದು. ಆಮೇಲೆ ಸಂಘದ ನೋಟಿಸ್ ಟೈಪ್ ಮಾಡೋ ಕೆಲಸ ನಿಮ್ಮ ಮನೆಗೇ ಬರುತ್ತದೆ, ಅದಕ್ಕೆ ತಯಾರಾಗಿರಿ.

ನಿಮ್ಮಲ್ಲಿ ಫೈಬರ್ ಇನ್ನೂ ಬಂದಿಲ್ಲ, ಮೊಬೈಲ್ ನೆಟ್ಟೇ ಗತಿ ಅಂದಿದ್ದೀರಿ. ಹಾಗಾದರೆ ಮೊದಲ ದಿನವೇ ವೈಫೈ ಸೆಟ್ಟಿಂಗ್‌ನಲ್ಲಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾ ಪೂರ್ತಿ ವಿಂಡೋಸ್ ಅಪ್‌ಡೇಟೇ ಕುಡಿದುಬಿಡುತ್ತದೆ, ಕ್ಲಾಸ್ ನೋಡೋಕೆ ಕೂತಾಗ ಖಾಲಿ. ದೊಡ್ಡ ಅಪ್‌ಡೇಟ್‌ಗಳನ್ನು ಪೇಟೆಯಲ್ಲಿ ನೆಂಟರ ಮನೆಗೆ ಹೋದಾಗ ಹಾಕಿಕೊಳ್ಳಲಿ.

ವೋಲ್ಟೇಜ್ ಬಗ್ಗೆ ಅಷ್ಟು ಹೆದರಬೇಡಿ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ, ಬಲ್ಬ್ ಮಂಕಾದರೂ ಅದು ನಡೆಯುತ್ತದೆ. ಹೆದರಬೇಕಾದ್ದು ಸಿಡಿಲಿಗೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಬ್ಯಾಟರಿ ಚೆನ್ನಾಗಿದ್ದರೆ ಅವಳು ಓದೋದೇನೂ ನಿಲ್ಲಲ್ಲ. ಚಾರ್ಜರ್ ಕಂಪನಿಯದ್ದೇ ಇರಲಿ, ಮುನ್ನೂರು ರೂಪಾಯಿಯ ಡೂಪ್ಲಿಕೇಟ್ ಬೇಡ. ಬಜೆಟ್ಟಿನಲ್ಲಿ ಒಂದೆರಡು ಸಾವಿರ ಕೈಯಲ್ಲಿಟ್ಟುಕೊಳ್ಳಿ, ಮೌಸ್, ಬ್ಯಾಗ್, ಒಂದು ಪೆನ್‌ಡ್ರೈವ್‌ಗೆ ಬೇಕಾಗುತ್ತದೆ.

ಅಂಗಡಿಯಲ್ಲಿ ಯಾವುದಾದರೂ ಇಷ್ಟವಾದರೆ ಅಬೌಟ್ ಪುಟದ ಫೋಟೋ, ಬ್ಯಾಟರಿ ರಿಪೋರ್ಟಿನ ಫೋಟೋ, ಅವರು ಹೇಳಿದ ರೇಟು ಇಲ್ಲೇ ಹಾಕಿ. ನಮ್ಮಲ್ಲಿ ನಾಳೆಯಿಂದ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯೋರು ಬರ್ತಾರೆ, ಹಗಲು ಫೋನ್ ನೋಡೋಕೆ ಆಗಲ್ಲ. ಸಂಜೆ ಏಳರ ಮೇಲೆ ನೋಡಿ ಹೇಳುತ್ತೇನೆ, ಅಲ್ಲಿವರೆಗೆ ಅಡ್ವಾನ್ಸ್ ಕೊಡಬೇಡಿ.