ಆರೋಗ್ಯ ಪ್ರಶ್ನೋತ್ತರ: ಅಕ್ಕನ ಮಜ್ಜೆಗೆ ತಮ್ಮನ ಮೈ ಪರಕೀಯವಾದಾಗ

ಪ್ರಶ್ನೆ: ರಕ್ತದ ಕ್ಯಾನ್ಸರ್ ಇದ್ದ ನನ್ನ ತಮ್ಮನಿಗೆ ಎಂಟು ತಿಂಗಳ ಹಿಂದೆ ನಮ್ಮ ಅಕ್ಕನ ಅಸ್ಥಿಮಜ್ಜೆಯನ್ನು ಕಸಿ ಮಾಡಿದರು. ಹೊಂದಾಣಿಕೆ ಪೂರ್ತಿಯಾಗಿತ್ತು, ಈಗ ಅವನ ರಕ್ತಕಣಗಳೆಲ್ಲ ಅಕ್ಕನವೇ ಎಂದು ವರದಿ ಹೇಳುತ್ತದೆ. ಆದರೂ ಕಣ್ಣು ಒಣಗಿ ಉರಿಯುತ್ತದೆ, ಮುಂಗೈ ಚರ್ಮ ಬಿಗಿಯುತ್ತಿದೆ. ಮಜ್ಜೆ ಚೆನ್ನಾಗಿ ನೆಲೆಯೂರಿದ ಮೇಲೂ ಹೀಗೇಕೆ?

ಉತ್ತರ: ಮಜ್ಜೆ ಚೆನ್ನಾಗಿ ನೆಲೆಯೂರಿದ್ದರಿಂದಲೇ ಹೀಗಾಗಿರಬಹುದು. ಮೂತ್ರಪಿಂಡದ ಕಸಿಯಲ್ಲಿ ರೋಗಿಯ ದೇಹವು ಹೊಸ ಅಂಗವನ್ನು ತಿರಸ್ಕರಿಸುವ ಭಯವಿರುತ್ತದೆ. ಮಜ್ಜೆಯ ಕಸಿಯಲ್ಲಾದರೋ ರೋಗನಿರೋಧಕ ವ್ಯವಸ್ಥೆಯೇ ದಾನಿಯದಾಗುವುದರಿಂದ, ಬಂದ ಕಣಗಳೇ ರೋಗಿಯ ದೇಹವನ್ನು ಪರಕೀಯವೆಂದು ಕಾಣಬಹುದು. ಇದು ತಿಂಗಳುಗಟ್ಟಲೆ ಉಳಿದು ಬೇರೂರಿದಾಗ ವೈದ್ಯರು ದೀರ್ಘಕಾಲಿಕ ಜಿ.ವಿ.ಎಚ್.ಡಿ. (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್, ಅಂದರೆ ಕಸಿಯೇ ರೋಗಿಯ ದೇಹದ ಮೇಲೆರಗುವ ಕಾಯಿಲೆ) ಎನ್ನುತ್ತಾರೆ. ನೀವು ಬರೆದ ಲಕ್ಷಣಗಳು ಅದಕ್ಕೆ ಹೊಂದುತ್ತವೆಯಾದರೂ ಖಚಿತಪಡಿಸಬೇಕಾದವರು ಪರೀಕ್ಷಿಸುವ ವೈದ್ಯರೇ.

'ಪೂರ್ತಿ ಹೊಂದಾಣಿಕೆ' ಎಂಬ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಅಲ್ಲಿ ತಾಳೆ ನೋಡುವುದು ಎಚ್‌ಎಲ್‌ಎ ಗುರುತುಗಳನ್ನು (ತನ್ನದು, ಪರರದು ಎಂದು ಗುರುತಿಸಲು ನೆರವಾಗುವ, ಕಣಗಳ ಮೇಲಿನ ಪ್ರೋಟೀನುಗಳನ್ನು) ಮಾತ್ರ. ಅದರಾಚೆ ಅನೇಕ ಸಣ್ಣ ಪ್ರೋಟೀನುಗಳಲ್ಲಿ ಒಡಹುಟ್ಟಿದವರ ನಡುವೆಯೂ ವ್ಯತ್ಯಾಸವಿರುತ್ತದೆ. ಗಂಡಿನ ವೈ ವರ್ಣತಂತುವಿನಿಂದ ತಯಾರಾಗುವ ಪ್ರೋಟೀನುಗಳು ಅಕ್ಕನ ಕಣಗಳಿಗೆ ಅಪರಿಚಿತ. ಹೆಣ್ಣು ದಾನಿಯಿಂದ ಗಂಡಿಗೆ ಮಜ್ಜೆ ಹೋದಾಗ ಈ ತೊಂದರೆ ಹೆಚ್ಚಿರುವುದಕ್ಕೆ ಇದೊಂದು ಕಾರಣ.

ಇನ್ನೊಂದು ಕಾರಣ ಎದೆಗೂಡಿನೊಳಗಿನ ಥೈಮಸ್ ಗ್ರಂಥಿಯಲ್ಲಿದೆ. ಟಿ ಕಣಗಳೆಂಬ ಎಳೆಯ ಬಿಳಿ ರಕ್ತಕಣಗಳು ಅಲ್ಲಿ ಪಳಗುತ್ತವೆ, ಸ್ವಂತ ದೇಹದ ಮೇಲೆ ಎರಗುವಂಥವು ಅಲ್ಲಿಯೇ ನಾಶವಾಗುತ್ತವೆ. ಕೀಮೋಥೆರಪಿ, ವಿಕಿರಣ ಮತ್ತು ದಾನಿಕಣಗಳ ಮೊದಲ ದಾಳಿಯಿಂದ ಆ ಗ್ರಂಥಿ ನಲುಗಿದರೆ ಜರಡಿ ಹರಿದಂತಾಗಿ, ತಪ್ಪು ಕಣಗಳೂ ಹೊರಬೀಳುತ್ತವೆ. ಅವುಗಳನ್ನು ಅಂಕೆಯಲ್ಲಿಡಬೇಕಾದ ನಿಯಂತ್ರಕ ಟಿ ಕಣಗಳು ಸಾಲದಾಗುತ್ತವೆ, ಬಿ ಕಣಗಳೆಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ದೇಹದ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ಕೊನೆಗೆ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕಣಗಳ ಸಂಕೇತಕ್ಕೆ ಓಗೊಟ್ಟು ಅಂಗಾಂಶದಲ್ಲಿ ಕೊಲಾಜೆನ್ ನಾರು ಸೇರುತ್ತದೆ. ಮುಂಗೈ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಲು ಹೋದರೆ ಏಳದಿರುವುದು ಈ ನಾರಿನಿಂದಲೇ. ಕಣ್ಣೀರಿನ ಗ್ರಂಥಿಯಲ್ಲೂ ಇದೇ ಕಥೆ: ಕೆಳರೆಪ್ಪೆಯೊಳಗೆ ಸಿಕ್ಕಿಸಿದ ಕಾಗದದ ಪಟ್ಟಿ ಐದು ನಿಮಿಷದಲ್ಲಿ 5 ಮಿಲಿಮೀಟರೂ ಒದ್ದೆಯಾಗದಿರಬಹುದು.

ಕೂಡಿದ ನಾರು ಸುಲಭವಾಗಿ ಕರಗದು. ಆದ್ದರಿಂದ ತಡಮಾಡಬಾರದು, ಶ್ವಾಸನಾಳದ ಕಿರುಕವಲುಗಳು ಹೀಗೆ ಮುಚ್ಚುತ್ತಿದ್ದರೆ ಆರಂಭದಲ್ಲಿ ಏದುಸಿರೂ ಇರದೆ, ಉಸಿರಾಟದ ಪರೀಕ್ಷೆಯಲ್ಲಷ್ಟೇ ಗೊತ್ತಾಗಬಹುದು.

ಸಾಮಾನ್ಯವಾಗಿ ಮೊದಲು ಕೊಡುವುದು ಸ್ಟಿರಾಯ್ಡ್. ಅದು ಸಾಲದಾದರೆ ಈ ಸರಪಳಿಯ ಒಂದೊಂದು ಕೊಂಡಿಯನ್ನು ಹಿಡಿಯುವ ಔಷಧಗಳಿವೆ: ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇಬ್ರುಟಿನಿಬ್, 2021ರಲ್ಲಿ ಬೆಲುಮೊಸುಡಿಲ್ ಹಾಗೂ ರುಕ್ಸೊಲಿಟಿನಿಬ್ ಔಷಧಗಳನ್ನು ಇದಕ್ಕೆಂದು ಒಪ್ಪಿತು. ದಾನಿಕಣಗಳನ್ನು ಪೂರ್ತಿ ಅಡಗಿಸಿಬಿಡಬಾರದೇ ಎಂದು ನಿಮಗೆ ಅನ್ನಿಸಬಹುದು. ಆದರೆ ಅಳಿದುಳಿದ ಕ್ಯಾನ್ಸರ್ ಕಣಗಳನ್ನು ಹುಡುಕಿ ಕೊಲ್ಲುವವೂ ಅವೇ. ವಿಪರ್ಯಾಸವೆಂದರೆ, ಸ್ವಂತ ಮೈಯೊಂದಿಗೆ ಸೆಣಸುವ ಈ ವ್ಯವಸ್ಥೆ ರೋಗಾಣುಗಳೆದುರು ದುರ್ಬಲವಾಗಿರುತ್ತದೆ, ಸ್ಟಿರಾಯ್ಡ್ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ. ತಮ್ಮನಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.