ಬಿಎಸ್ಸಿ ಅಗ್ರಿಯಲ್ಲಿ ನಿಮಗೆ ತುಂಬಾ ಇಷ್ಟವಾದ ಕ್ಲಾಸ್ ಯಾವುದು? ಕ್ಯಾಂಪಸ್ ಲೈಫ್ ಹೇಗಿರುತ್ತೆ?

ಪಿಯುಸಿ ಮುಗಿಸಿ ಅಗ್ರಿ ಸೇರುವ ಯೋಚನೆಯಲ್ಲಿದ್ದೀರಿ, ಜೊತೆಗೆ "ಬರೀ ಹೊಲದಲ್ಲಿ ಕೆಲಸ ಮಾಡಿಸ್ತಾರಂತೆ, ನಿಜನಾ?" ಅಂತಲೂ ಕೇಳಿದ್ದೀರಿ. ನಿಜ. ಆದರೆ ನನಗೆ ಇಷ್ಟವಾದ ಕ್ಲಾಸುಗಳೆಲ್ಲ ನಡೆದದ್ದು ಆ ಹೊಲದಲ್ಲೇ. ಫ್ಯಾನಿನ ಕೆಳಗೆ ಕೂತು ಕೇಳಿದ ಪಾಠ ಅರ್ಧಕ್ಕರ್ಧ ಮರೆತೇ ಹೋಗಿದೆ. ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಂತೂ ಮಧ್ಯಾಹ್ನದ ಊಟ ಆದಮೇಲೆ ನಾನು ಎಚ್ಚರ ಇದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದು, ಅದು ನನ್ನ ತಪ್ಪು, ಮೇಷ್ಟ್ರದ್ದಲ್ಲ.

ನಾನು ಓದುತ್ತಿರುವುದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಈಗ ಎಂಟನೇ ಸೆಮ್. ಊರು ಶಿರಸಿ ಕಡೆ, ಮನೆಯಲ್ಲಿ ಅಡಿಕೆ ತೋಟ. ಬಸ್ಸು ಮುಂಡಗೋಡ ದಾಟಿ ಹುಬ್ಬಳ್ಳಿ ಕಡೆ ಹೊರಟಿತು ಅಂದರೆ ತೋಟ, ಕಾಡು ಎಲ್ಲ ಹಿಂದೆ ಬಿದ್ದು ಬಯಲು ಶುರುವಾಗುತ್ತದೆ. ಮೊದಲ ಸಲ ಹೋದಾಗ ಯಾವುದೋ ಬೇರೆ ರಾಜ್ಯಕ್ಕೆ ಬಂದ ಹಾಗೆ ಅನ್ನಿಸಿತ್ತು. ರೂಮ್‌ಮೇಟ್ ಬಾಗಲಕೋಟೆಯವನು. ನಮ್ಮಲ್ಲಿ ಅಮ್ಮನಿಗೆ ಆಯಿ ಅನ್ನುತ್ತೇವೆ, ಅವರಲ್ಲಿ ಆಯಿ ಅಂದರೆ ಅಜ್ಜಿ. ದಿನಾ ರಾತ್ರಿ ನಾನು "ಆಯಿ, ಊಟ ಆಯ್ತಾ" ಅಂತ ಫೋನಿನಲ್ಲಿ ಮಾತಾಡೋದು ಕೇಳಿ, ನನ್ನನ್ನು ಅಜ್ಜಿಯೇ ಸಾಕಿದ್ದಾರೆ, ತಾಯಿ ಇಲ್ಲ ಅಂತ ಅವನು ತಿಳಿದುಕೊಂಡಿದ್ದ. ಎರಡು ತಿಂಗಳು ಪಾಪ ನನ್ನ ಮೇಲೆ ವಿಪರೀತ ಕಾಳಜಿ, ಮನೆಯಿಂದ ತಂದ ಶೇಂಗಾ ಹೋಳಿಗೆಯಲ್ಲಿ ನನಗೇ ದೊಡ್ಡ ಪಾಲು. ಆಮೇಲೆ ವಿಷಯ ಗೊತ್ತಾಗಿ ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಇಷ್ಟದ ಕ್ಲಾಸ್ ಅಂದರೆ ಮೊದಲು ನೆನಪಾಗೋದು ಮಣ್ಣಿನದ್ದು. ಸಾಯಿಲ್ ಸೈನ್ಸ್. ರೈತರ ಮನೆಯವನು, ಮಣ್ಣಿನ ಬಗ್ಗೆ ನನಗೇನು ಹೇಳಿಕೊಡ್ತಾರೆ ಅನ್ನೋ ಧಿಮಾಕು ನನಗಿತ್ತು. ಪ್ರಾಕ್ಟಿಕಲ್‌ಗೆ ಹೊಲದಲ್ಲಿ ಆಳೆತ್ತರದ ಗುಂಡಿ ತೋಡಿಸಿದ್ದರು, ಒಬ್ಬೊಬ್ಬರೇ ಇಳಿದು ಗೋಡೆ ನೋಡಬೇಕು. ಎರೆ ಭೂಮಿ. ಮೇಲಿನಿಂದ ಕೆಳತನಕ ಕಪ್ಪು, ಸೀಳು ಬಿಟ್ಟು ಬಿಟ್ಟು ಕೆಳಗಿಳಿದಿತ್ತು. ಒಂದು ಹೆಂಟೆ ಕಿತ್ತು ಒಡೆದರೆ ಒಳಗೆ ಯಾರೋ ಎಣ್ಣೆ ಕೈಯಲ್ಲಿ ಸವರಿದ ಹಾಗೆ ನುಣ್ಣಗೆ ಹೊಳೆಯುವ ಮೈ. ಅದು ಯಾಕೆ ಅಂದರೆ ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉಬ್ಬುವಾಗ ಮಣ್ಣಿಗೆ ಮಣ್ಣು ತಿಕ್ಕಿ ತಿಕ್ಕಿ ಆ ಹೊಳಪು ಬರುತ್ತದೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತದೆ, ಮಳೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಅಂದರೆ ಈ ನೆಲ ತನ್ನನ್ನು ತಾನೇ ನಿಧಾನಕ್ಕೆ ಮಗುಚಿಕೊಳ್ತಾ ಇರುತ್ತೆ. ಗುಂಡಿಯೊಳಗೆ ನಿಂತು ಇದನ್ನ ಕೇಳಿದಾಗ ನಿಜವಾಗಲೂ ಮೈ ಜುಮ್ ಅಂದಿತ್ತು.

ದೀಪಾವಳಿಗೆ ಊರಿಗೆ ಹೋದವನು ತೋಟದ ಮೇಲಿನ ಬೆಟ್ಟದಿಂದ ಒಂದು ಪ್ಲಾಸ್ಟಿಕ್ ಚೀಲ ಕೆಂಪು ಮಣ್ಣು ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವರು ಏನದು ಅಂತ ಕೇಳಿದಾಗ ಮಣ್ಣು ಅಂದೆ, ಅವರು ಸ್ವಲ್ಪ ದೂರ ಸರಿದು ಕೂತರು. ಲ್ಯಾಬಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಮಣ್ಣನ್ನ ಒದ್ದೆ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ರಿಬ್ಬನ್ ಹಾಗೆ ಹೊರಗೆ ಬಿಡಬೇಕು. ಎರೆ ಮಣ್ಣು ಬೆರಳಿನಷ್ಟು ಉದ್ದ ಬಂದು ಜೋತು ಬಿತ್ತು. ನಮ್ಮದು ಉಗುರಿನಷ್ಟು ಬಂದು ಪಟಕ್ ಅಂತ ಮುರಿಯಿತು. ಆಮೇಲೆ ಆ್ಯಸಿಡ್ ಒಂದು ಹನಿ. ಕಪ್ಪು ಮಣ್ಣು ಬುಸ್ ಅಂತ ನೊರೆ ಎಬ್ಬಿಸಿತು, ಅದರಲ್ಲಿ ಸುಣ್ಣದ ಹರಳು ಇರುತ್ತೆ. ನಮ್ಮದು ಸುಮ್ನೆ ಕೂತಿತ್ತು. "ನಿಮ್ಮೂರ ಮಳಿ ಸುಣ್ಣಾ ಎಲ್ಲಾ ತೊಳಕೊಂಡು ಹೋಗೇತಿ, ಕಬ್ಬಿಣ ಅಷ್ಟ ಉಳದೈತಿ, ಅದಕ್ಕ ಕೆಂಪು" ಅಂದರು ಮೇಷ್ಟ್ರು. ಅಪ್ಪ ವರ್ಷ ಬಿಟ್ಟು ವರ್ಷ ತೋಟಕ್ಕೆ ಸುಣ್ಣ ಯಾಕೆ ಹಾಕಿಸ್ತಾರೆ ಅಂತ ಅವತ್ತು ಅರ್ಥವಾಯ್ತು. ಹತ್ತೊಂಬತ್ತು ವರ್ಷ ಅದೇ ಮಣ್ಣಲ್ಲಿ ಓಡಾಡಿದ್ದೆ, ಒಮ್ಮೆಯೂ ಕೇಳಿರಲಿಲ್ಲ.

ಎರಡನೆಯದು ಹತ್ತಿ ಹೂವಿನ ಕೆಲಸ, ಬ್ರೀಡಿಂಗ್ ಪ್ರಾಕ್ಟಿಕಲ್. ಧಾರವಾಡಕ್ಕೂ ಹತ್ತಿಗೂ ಹಳೇ ನಂಟು. ಡಾ. ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ತಂದದ್ದು ಇಲ್ಲಿಯೇ, 1972ರಲ್ಲಿ. ಕ್ಲಾಸಲ್ಲಿ ಕೇಳಿದಾಗ ಇದು ಒಂದು ಮಾರ್ಕಿನ ಪ್ರಶ್ನೆ ಅಷ್ಟೇ. ಕೈಯಾರೆ ಮಾಡಿದಾಗ ಗೊತ್ತಾಗುತ್ತದೆ. ಸಂಜೆ ಹೊತ್ತು, ಮರುದಿನ ಅರಳಲಿರುವ ಮೊಗ್ಗು ಹುಡುಕಬೇಕು. ಹೆಬ್ಬೆರಳಿನ ಉಗುರನ್ನು ಬುಡದಲ್ಲಿ ಊರಿ ಒಂದು ಸುತ್ತು ತಿರುಗಿಸಿ ಎಸಳು, ಪರಾಗದ ಚೀಲ ಎಲ್ಲವನ್ನೂ ಟೋಪಿ ತೆಗೆದ ಹಾಗೆ ಒಂದೇ ಸಲ ಎತ್ತಬೇಕು, ನಡುವಿನ ಎಳೆ, ಅಂದರೆ ಹೂವಿನ ಹೆಣ್ಣು ಭಾಗ, ಮಾತ್ರ ಹಾಗೇ ನಿಂತಿರಬೇಕು. ಅದಕ್ಕೆ ಕೆಂಪು ಕಾಗದದ ಚೀಲ. ಬೆಳಗ್ಗೆ ಬಂದು ಗಂಡು ತಳಿಯ ಹೂವಿನ ಪರಾಗ ಸವರಿ ಕೆಂಪು ತೆಗೆದು ಬಿಳಿ ಚೀಲ ಹಾಕಬೇಕು. ನಾನು ಮೊದಲ ದಿನ ಹತ್ತು ಮೊಗ್ಗು ಮಾಡಿದೆ, ಏಳರ ಎಳೆ ಮುರಿದಿತ್ತು. ಹೊಲದ ಕೆಲಸಕ್ಕೆ ಬರುತ್ತಿದ್ದ ಅಕ್ಕ ಒಬ್ಬರು ನೋಡಿ ನಕ್ಕು, "ಉಗುರು ಒಳಗ ಹತ್ತಬಾರ್ದೋ ತಮ್ಮಾ, ಸಿಪ್ಪಿ ಅಷ್ಟ ಸುಲಿ" ಅಂದು, ನನ್ನ ಒಂದು ಮೊಗ್ಗು ಮುಗಿಯೋದರೊಳಗೆ ಅವರು ಐದು ಮುಗಿಸಿ ಮುಂದಿನ ಸಾಲಿಗೆ ಹೋದರು. ಪರೀಕ್ಷೆಯಲ್ಲಿ ಈ ವಿಧಾನಕ್ಕೆ ಯಾವುದೋ ವಿದೇಶಿ ಹೆಸರು ಬರೆಯುತ್ತೇವೆ. ನನಗೆ ಕಲಿಸಿದವರು ಮಾತ್ರ ಅವರೇ.

ಕೀಟಶಾಸ್ತ್ರಕ್ಕೆ ಹುಳ ಹಿಡಿದು ಪೆಟ್ಟಿಗೆ ಮಾಡಿ ಕೊಡಬೇಕು. ಮೊದಲ ಮಳೆ ಬಿದ್ದ ರಾತ್ರಿ ಇಡೀ ಹಾಸ್ಟೆಲ್ ಬೀದಿ ದೀಪದ ಕೆಳಗೆ ಇರುತ್ತೆ, ಕೈಯಲ್ಲಿ ಬಾಟಲಿ, ಬಲೆ, ಹೊರಗಿನವರು ನೋಡಿದರೆ ಇವಕ್ಕೆಲ್ಲ ಏನಾಗಿದೆ ಅಂದುಕೊಳ್ಳಬೇಕು. ದುಂಬಿಗೆ ಪಿನ್ ಚುಚ್ಚೋದು ಬಲಗಡೆಯ ರೆಕ್ಕೆಗೇ, ನಡುವೆ ಚುಚ್ಚಿದರೆ ಮಾರ್ಕ್ ಕಟ್. ನಮ್ಮ ಬಾಗಲಕೋಟೆ ಮಹಾಶಯ ಒಂದು ದೊಡ್ಡ ಕುರುವಾಯಿ ಕೀಟ ಹಿಡಿದು, ಬಾಟಲಿಯಲ್ಲಿ ಸರಿಯಾಗಿ ಸಾಯಲು ಬಿಡದೆ ಗಡಿಬಿಡಿಯಲ್ಲಿ ಪಿನ್ ಮಾಡಿ ಮಂಚದ ಕೆಳಗೆ ಇಟ್ಟಿದ್ದ. ರಾತ್ರಿ ಎರಡಕ್ಕೆ ಪೆಟ್ಟಿಗೆಯೊಳಗೆ ಪರಪರ ಸದ್ದು. ಅವತ್ತು ನಾವಿಬ್ಬರೂ ಪಕ್ಕದ ರೂಮಲ್ಲಿ ಮಲಗಿದೆವು. ಈಗಲೂ ಆ ಹುಳದ ಬಗ್ಗೆ ನನಗೆ ಸ್ವಲ್ಪ ಬೇಜಾರಿದೆ.

ಕ್ಯಾಂಪಸ್ ಲೈಫ್ ಅಂದರೆ ನಮ್ಮಲ್ಲಿ ಹಬ್ಬ ಅಂದ್ರೆ ಕೃಷಿ ಮೇಳ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಹಿಂಗಾರಿ ಬಿತ್ತನೆಗೆ ಮೊದಲು. ಅದಕ್ಕೇ ರೈತರು ಬೀಜ ಒಯ್ಯಲೂ ಬರುತ್ತಾರೆ, ಟ್ರ್ಯಾಕ್ಸ್, ಟೆಂಪೊ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು. ನಮಗೆ ಡ್ಯೂಟಿ ಹಾಕುತ್ತಾರೆ. ನನ್ನನ್ನು ಒಂದು ತಳಿಯ ತಾಕಿನ ಮುಂದೆ ನಿಲ್ಲಿಸಿದ್ದರು. ಹಿಂದಿನ ರಾತ್ರಿ ಕೂತು ಇಳುವರಿ, ಅವಧಿ, ರೋಗ ಎಲ್ಲ ಬಾಯಿಪಾಠ ಮಾಡಿದ್ದೆ. ಬಿಳಿ ಟೋಪಿ ಹಾಕಿದ ಅಜ್ಜ ಒಬ್ಬರು ಪೂರ್ತಿ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿ ತಮ್ಮಾ, ರೇಟ್ ಎಷ್ಟ ಸಿಗತೈತಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ನನ್ನ ಬೆನ್ನು ತಟ್ಟಿ ಮುಂದೆ ಹೋದರು. ಬೆನ್ನು ತಟ್ಟಿದ್ದೇ ಜಾಸ್ತಿ ಚುಚ್ಚಿತು.

ಉಳಿದಂತೆ ಎಲ್ಲ ಕಾಲೇಜಲ್ಲಿ ಇರೋದೇ. ಲೈನ್ ಬಜಾರಿನ ಪೇಡಾ, ಸಂಜೆ ಗಿರ್ಮಿಟ್ ಮಿರ್ಚಿ, ಇಂಟರ್ನಲ್ಸ್ ಹಿಂದಿನ ದಿನ ಜೆರಾಕ್ಸ್ ಅಂಗಡಿ ಮುಂದೆ ಸಾಲು. ಜೋಳದ ರೊಟ್ಟಿ ಅಗಿಯೋದು ಕಲಿಯಲು ನನಗೆ ಒಂದು ಸೆಮಿಸ್ಟರ್ ಬೇಕಾಯ್ತು, ಈಗ ಊರಿಗೆ ಹೋದರೆ ಅನ್ನ ತಿಂದು ಹೊಟ್ಟೆ ತುಂಬಲ್ಲ.

ಕೊನೇ ವರ್ಷ ಹಳ್ಳಿಯಲ್ಲಿ ಉಳಿಯುವ ಕಾರ್ಯಾನುಭವ ಇರುತ್ತೆ, ಎಲ್ಲರೂ ರಾವೆ ಅಂತಾರೆ. ಅಲ್ಲಿ ಗುಡಿ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯಬೇಕು, ಊರವರನ್ನು ಸೇರಿಸಿಕೊಂಡು. ನಾವು ಮೊದಲೇ ಮೊಬೈಲ್‌ನಲ್ಲಿ ಮ್ಯಾಪ್ ನೋಡಿ ಅಚ್ಚುಕಟ್ಟಾಗಿ ಬರೆದಿದ್ದೆವು. ಒಬ್ಬ ಅಜ್ಜಿ ಬಂದು ನೋಡಿ, "ಕೆರಿ ಇಷ್ಟ ಸಣ್ಣದಿತ್ತೇನು?" ಅಂದವರೇ ನೀಲಿ ಪುಡಿ ಮುಷ್ಟಿಯಲ್ಲಿ ಹಿಡಿದು ನಮ್ಮ ಕೆರೆಯ ಸುತ್ತ ಇನ್ನೊಂದು ಗೆರೆ ಎಳೆದರು, ನಾವು ಬರೆದದ್ದರ ಎರಡರಷ್ಟು ದೊಡ್ಡದು. ಆ ಗೆರೆಯೊಳಗೆ ನಾವು ಆಗಲೇ ಹಸಿರು ಪುಡಿಯಲ್ಲಿ ಯಾರದೋ ಗದ್ದೆ ತೋರಿಸಿದ್ದೆವು. ಒಂದು ನಿಮಿಷ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು, ಜೋರಾಗಿ. ನಾವು ಫೋಟೊ ತೆಗೆದುಕೊಂಡು ಮೆಲ್ಲಗೆ ಚಾ ಕುಡಿಯಲು ಹೋದೆವು.

ಇನ್ನೊಂದು ಹೇಳಿ ಮುಗಿಸ್ತೇನೆ, ಸಸ್ಯರೋಗದ ಕ್ಲಾಸು. ಬೋರ್ಡೋ ದ್ರಾವಣ ಮಾಡೋದು ಅಲ್ಲಿ ಒಂದು ಪ್ರಾಕ್ಟಿಕಲ್. ಒಂದು ಕಿಲೋ ಮೈಲುತುತ್ತ (ಇದರಲ್ಲಿರೋದು ತಾಮ್ರ), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅಡಿಕೆ ಊರಿನವರಿಗೆ ಇದು ಹೊಸದಲ್ಲ, ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆ ಮದ್ದು ಹೊಡೆಯದ ತೋಟವೇ ಇಲ್ಲ. ಇದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು, 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆ ರೋಗವನ್ನು ಕೂತು ಅಭ್ಯಾಸ ಮಾಡಿ ಈ ಮದ್ದನ್ನು ಅಡಿಕೆಗೆ ಹೊಡೆಸಿದರು ಅನ್ನೋದು ನನಗೆ ಹೊಸದು. ಆ ರಜೆಯಲ್ಲಿ ಊರಿಗೆ ಹೋದಾಗ ಮದ್ದು ಹೊಡೆಯುವ ಸಮಯ. ನಾನು ಜೇಬಲ್ಲಿ ಲಿಟ್ಮಸ್ ಕಾಗದ ಇಟ್ಟುಕೊಂಡು ಹೋಗಿದ್ದೆ, ಅಪ್ಪನಿಗೆ ತಾಮ್ರ ಜಾಸ್ತಿಯಾದರೆ ಎಳೆ ಕಾಯಿ ಸುಡುತ್ತೆ, ಅದಕ್ಕೆ ಪರೀಕ್ಷೆ ಮಾಡಬೇಕು ಅಂತ ಪಾಠ ಶುರು ಮಾಡಿದೆ. ಅಪ್ಪ ಏನೂ ಹೇಳದೆ ಸೊಂಟದ ಕತ್ತಿ ತೆಗೆದು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿದರು. ತುದಿಗೆ ತೆಳ್ಳಗೆ ಕೆಂಪು ಬಂದಿತ್ತು, ತಾಮ್ರ ಜಾಸ್ತಿ ಇದೆ ಅಂತ ಅರ್ಥ. ಒಂದು ಬೊಗಸೆ ಸುಣ್ಣದ ತಿಳಿ ಸುರಿದು, ಕಲಕಿ, ಕತ್ತಿ ಒರೆಸಿ ಮತ್ತೆ ಅದ್ದಿದರು. ಈ ಸಲ ಕೆಂಪಿಲ್ಲ. ನಾನು ಕಾಗದ ಅದ್ದಿದೆ, ಅದೂ ಸರಿ ಅಂದಿತು.

"ಇದ್ನ ಕಲಿಯಲೆ ಧಾರವಾಡಕ್ಕೆ ಹೋಗಕಾತನ ತಮಾ?" ಅಂದರು ಅಪ್ಪ. ಆದರೆ ಉಳಿದ ಕಾಗದದ ಪಟ್ಟಿಯನ್ನು ಇಸಕೊಂಡು ಅಂಗಿ ಜೇಬಿಗೆ ಹಾಕಿಕೊಂಡರು.

ಸೇರೋದಾದರೆ ಸೇರಿ. ಧಾರವಾಡಕ್ಕೇ ಬರುವುದಾದರೆ ಎರಡು ಜೊತೆ ಶೂ ತನ್ನಿ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಇಳಿದ ಜೊತೆ ಮತ್ತೆ ಕ್ಲಾಸಿಗೆ ಆಗುವುದಿಲ್ಲ.